ಅಜ್ಜನ ಫೋಟೋ ಅಳಿಸಿದ್ದು

ಮೊಮ್ಮಗಳು ಪಾಸಾದಳು! ಪಾಸು ಮಾಡಿಸಿದವಳು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ನಾನು.

ಅವಳು ಕಾಲೇಜಿಗೆಂದು ಲಿನಕ್ಸ್ ಕಂಪ್ಯೂಟರಿಗೆ ಒಂದು ಪ್ರೋಗ್ರಾಂ ಬರೆದಿದ್ದಳು. ಪರದೆಯ ಮೇಲೆ ಗುಂಡಿ ಒತ್ತಿದರೆ ಸಾಕು, ದೂರದ ಕಂಪ್ಯೂಟರಿನ ಫೋಲ್ಡರ್ ಇಲ್ಲಿಯದೇ ಎಂಬಂತೆ ತೆರೆದುಕೊಳ್ಳಬೇಕು. ಕಮಾಂಡ್ ಬರೆಯಲು ಬಾರದವರು ಅದನ್ನು ಬಳಸಿ ತೋರಿಸಿದರೆ ಮಾತ್ರ ಪಾಸು ಎಂದಿದ್ದರಂತೆ ಮೇಡಂ. ಅಂಥ ದಡ್ಡಿಯನ್ನು ಹುಡುಕಲು ಅವಳು ನಮ್ಮ ಅಡುಗೆಮನೆ ದಾಟಲಿಲ್ಲ.

ನಾರಾಯಣಗೂಡದ ಕಾಲೇಜಿನಲ್ಲಿ ಮೇಡಂ ಎದುರು ಗುಂಡಿ ಒತ್ತಿದೆ. ಊರಿನ ಇನ್ನೊಂದು ತುದಿಯ ಸನತ್‌ನಗರದಲ್ಲಿರುವ ಮಗನ ವರ್ಕ್‌ಶಾಪಿನ ಕಂಪ್ಯೂಟರಿನ ಫೋಲ್ಡರ್ ತೆರೆಯಿತು.

ಇದು ಮೊದಲೇ ಈ ಕಂಪ್ಯೂಟರಿಗೆ ನಕಲು ಮಾಡಿಟ್ಟದ್ದಲ್ಲವೇ ಎಂದು ಮೇಡಂ ಮೂಗು ಮುರಿದರು. ಮೊಮ್ಮಗಳ ಮುಖ ಬಾಡಿತು. ನನ್ನ ಕಣ್ಣು ಮಾತ್ರ ಬೇರೆಡೆ ಇತ್ತು: ಫೋಲ್ಡರಿನ ತುದಿಗೇ ನಮ್ಮ ಯಜಮಾನರು, ಬಾಯಿ ತೆರೆದು ನಿದ್ದೆ ಹೊಡೆಯುತ್ತಿರುವ ಫೋಟೋ! ಮರ್ಯಾದೆ ಹೋಯಿತೆಂದು ತಟ್ಟನೆ ಅಳಿಸಿಬಿಟ್ಟೆ. ದಿನಾ ಶುಭೋದಯದ ಸಂದೇಶ ಅಳಿಸಿ ಪಳಗಿದ ಕೈ.

ಕೂಡಲೇ ವರ್ಕ್‌ಶಾಪಿನಿಂದ ಮಗನ ಫೋನು: "ಯವ್ವಾ, ಅಪ್ಪನ ಫೋಟೋ ನನ್ನ ಕಣ್ಣಮುಂದನ ಮಾಯ ಆತು! ಏನ್ ಮಾಡಿದಿ?"

ಅವನ ಕೂಗು ಮೇಡಂಗೂ ಕೇಳಿಸಿತು. ನಕಲಾಗಿದ್ದರೆ ಅಲ್ಲಿಯದು ಅಳಿಯುತ್ತಿರಲಿಲ್ಲ ಎಂದು ನಕ್ಕು ಸಹಿ ಹಾಕಿದರು.

ಸಂಜೆ ಎಲ್ಲರೂ ಊಟಕ್ಕೆ ಕೂತಾಗ ಯಜಮಾನರು ಗೊಣಗಿದರು: "ಅಳಸಾಕ ನನ್ನ ಮಾರಿನ ಬೇಕಿತ್ತೇನ?"

"ನಿಮ್ಮ ತೆರದ ಬಾಯಿಂದನ ಕೂಸು ಪಾಸಾತ್ರಿ. ಈಗ ಹೋಳಿಗಿಗೂ ತೆರೀರಿ" ಎಂದು ಇನ್ನೊಂದು ಬಡಿಸಿದೆ.