ಮೊದಲನೆಯ ನಂಬರು ನನ್ನದು

ನಮ್ಮ ಮನೆಯಲ್ಲಿ ಯಾರೂ ಕೋಣೆಯ ಚಿಲಕ ಹಾಕುವುದಿಲ್ಲ. ಬ್ಯಾಟರಾಯನಪುರ ಇನ್ನೂ ಹಳ್ಳಿಯಾಗಿದ್ದ ಕಾಲದಿಂದ ಇರುವ ಕುಟುಂಬ. ಹೊಲ ಹೋಗಿ ಮೂರು ಅಂತಸ್ತು ಎದ್ದರೂ ಆ ಅಭ್ಯಾಸ ಹೋಗಲಿಲ್ಲ. ಬಟ್ಟೆ ಬದಲಿಸುವಾಗ ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದೆ.

ಎಂಎಸ್ಸಿ ಮುಗಿದ ವರ್ಷ ಒಂದು ಹಳೆಯ ಕಂಪ್ಯೂಟರಿಗೆ ದೊಡ್ಡ ಡಿಸ್ಕ್ ಹಾಕಿ, ಮೆಟ್ಟಿಲ ಕೆಳಗಿಟ್ಟು, ಅದನ್ನೇ ಮನೆಯ ಸರ್ವರ್ ಮಾಡಿದೆ. ದೊಡ್ಡಪ್ಪನ ಜಮೀನು ಪತ್ರಗಳು, ಅಮ್ಮನ ಮದುವೆ ಫೋಟೋಗಳು, ಹೀಗೆ ಪ್ರತಿಯೊಬ್ಬರಿಗೂ ಒಂದು ಫೋಲ್ಡರ್, ಒಂದು ಪಾಸ್‌ವರ್ಡ್. ಒಂದು ನನ್ನದು. ಅದರಲ್ಲಿ ಏನಿತ್ತೆಂದು ಮನೆಯಲ್ಲಿ ಹೇಳಿರಲಿಲ್ಲ, ಇಲ್ಲಿಯೂ ಬರೆಯುವುದಿಲ್ಲ.

ನಾಲ್ಕು ವರ್ಷದ ಮೇಲೆ ಅದರ ಆಪರೇಟಿಂಗ್ ಸಿಸ್ಟಮ್ ಹಳೆಯದಾಯಿತು, ಅಪ್‌ಡೇಟ್ ಬರುವುದು ನಿಂತಿತು. ದೊಡ್ಡಪ್ಪ ಕರೆಸಿದ ಕಂಪ್ಯೂಟರ್ ಅಂಗಡಿಯವನು ನೋಡಿ, ಸೆಟ್ಟಿಂಗ್ಸೆಲ್ಲ ಅಳಿಸಿ ಇಡೀ ಮನೆಗೆ ಒಂದೇ ಫೋಲ್ಡರ್ ಮಾಡಿಕೊಡುತ್ತೇನೆ, ಎಲ್ಲರಿಗೂ ಎಲ್ಲವೂ ಕಾಣುತ್ತದೆ ಎಂದ. ದೊಡ್ಡಪ್ಪನಿಗೆ ಅದು ಹಿಡಿಸಿತು. ನಾನು ಆಗುವುದಿಲ್ಲ ಎಂದೆ. ಸೆಟ್ಟಿಂಗ್ಸ್ ಉಳಿಸಿಕೊಂಡು ನಾನೇ ಮಾಡುತ್ತೇನೆ ಎಂದಾಗ ಅವರು ಒಂದು ಭಾನುವಾರ ಕೊಟ್ಟರು.

ಶನಿವಾರ ಸೆಟ್ಟಿಂಗ್ಸನ್ನು ಪೆನ್ ಡ್ರೈವಿಗೆ ಇಳಿಸಿಕೊಂಡೆ. ಬಳಕೆದಾರರನ್ನು ಮಾತ್ರ ಹೊಸದಾಗಿ ಸೇರಿಸಬೇಕಿತ್ತು. ಹೆಸರುಗಳನ್ನು ಹಾಳೆಯಲ್ಲಿ ಬರೆದೆ, ಹಿಂದೆ ಸೇರಿಸಿದ್ದ ಕ್ರಮದಲ್ಲೇ, ನನ್ನದರಿಂದ ಶುರುಮಾಡಿ. ಅಮ್ಮ ಇಣುಕಿ ನೋಡಿದರು. ದೊಡ್ಡಪ್ಪನ ಮೇಲೆ ನಿನ್ನ ಹೆಸರಾ, ಲಗ್ನಪತ್ರಿಕೆಯಲ್ಲೂ ಹೀಗೇ ಹಾಕಿಸ್ತೀಯಾ ಎಂದರು. ಕ್ರಮ ಯಾವುದಾದರೇನು ಎಂದುಕೊಂಡು ಹಾಳೆ ಹರಿದು ಮತ್ತೆ ಬರೆದೆ. ದೊಡ್ಡಪ್ಪ ಮೊದಲು, ನಾನು ಕೊನೆ.

ಭಾನುವಾರ ಬೆಳಿಗ್ಗೆ ಫೈಲುಗಳಿದ್ದ ದೊಡ್ಡ ಡಿಸ್ಕಿನ ವೈರು ಬಿಚ್ಚಿ, ಹೊಸ ಸಿಸ್ಟಮ್ ಹಾಕಿ, ಪೆನ್ ಡ್ರೈವಿನ ಸೆಟ್ಟಿಂಗ್ಸ್ ತುಂಬಿ, ಪಟ್ಟಿಯಂತೆ ಹೆಸರು ಸೇರಿಸಿ, ವೈರನ್ನು ಮತ್ತೆ ಸಿಕ್ಕಿಸಿದೆ. ಪರೀಕ್ಷಿಸಲು ದೊಡ್ಡಪ್ಪ ಹಾಲ್‌ನಲ್ಲಿದ್ದ ಕಂಪ್ಯೂಟರ್ ಮುಂದೆ ಕುಳಿತು ಒಂದೇ ಬೆರಳಲ್ಲಿ ಪಾಸ್‌ವರ್ಡ್ ಒತ್ತಿದರು. ಅವರ ಪತ್ರಗಳು ತೆರೆಯಲಿಲ್ಲ. ನನ್ನ ಫೋಲ್ಡರ್ ತೆರೆಯಿತು. ಫೈಲುಗಳ ಹೆಸರು ಮೇಲಿನಿಂದ ಕೆಳಗಿನವರೆಗೆ.

ತಪ್ಪು ತಕ್ಷಣ ಗೊತ್ತಾಯಿತು. ಫೈಲುಗಳ ಒಡೆಯರನ್ನು ಸರ್ವರ್ ಗುರುತಿಸುವುದು ಹೆಸರಿನಿಂದಲ್ಲ, ನಂಬರಿನಿಂದ. ಮೊದಲು ಸೇರಿದವರಿಗೆ ಮೊದಲ ನಂಬರು. ನನ್ನ ಫೈಲುಗಳ ಮೇಲೆಲ್ಲ ಆ ನಂಬರೇ ಇತ್ತು. ಮರ್ಯಾದೆಗೆಂದು ಅದನ್ನು ದೊಡ್ಡಪ್ಪನಿಗೆ ಕೊಟ್ಟುಬಿಟ್ಟಿದ್ದೆ.

ಅವರು ಕನ್ನಡಕ ಹಾಕಿಕೊಂಡರು. "ನಿಂದೆಲ್ಲಾ ನನ್ ತಾವ ಬಂದೈತಲ್ಲವ್ವಾ. ಇಂಗೇ ಇರ್ಲಿ ಬುಡು. ಮನೆಯೋರ ತಾವ ಏನ್ ಮುಚ್ಚುಮರೆ?"

ನಾನು ಕೈಚಾಚಿ ಮಾನಿಟರ್ ಆರಿಸಿದೆ. ಅವರೆದುರು ಅಂಥದ್ದನ್ನು ಎಂದೂ ಮಾಡಿರಲಿಲ್ಲ.

"ಇಲ್ಲ ದೊಡ್ಡಪ್ಪ. ಮೊದಲ್ನೇ ನಂಬರ್ ನಂದು. ಕೊಡಲ್ಲ."

"ದೊಡ್ಡೋನು ನಾನಾ, ನೀನಾ?"

"ಮನೇಲಿ ನೀವು. ಇದ್ರಲ್ಲಿ ನಾನು."

ಅಡುಗೆಮನೆಯಿಂದ ಅಮ್ಮ ನನ್ನ ಬಾಯಿ ಮುಚ್ಚಿಸಲು ನೋಡಿದರು. ನಾನು ತಿರುಗಲಿಲ್ಲ. ಕುರ್ಚಿ ಬಿಡಿ ಎಂದೆ, ದೊಡ್ಡಪ್ಪ ಎದ್ದರು. ಹೆಸರುಗಳನ್ನೆಲ್ಲ ಅಳಿಸಿ, ನನ್ನನ್ನು ಮೊದಲು ಸೇರಿಸಿ, ಉಳಿದವರನ್ನು ಹಳೆಯ ಕ್ರಮದಲ್ಲಿ ಸೇರಿಸಿದೆ. ಅವರನ್ನು ಮತ್ತೆ ಕೂರಿಸಿ, ನನ್ನ ಫೋಲ್ಡರನ್ನು ನೀವೇ ಒತ್ತಿ ನೋಡಿ ಎಂದೆ. ಅನುಮತಿ ಇಲ್ಲ ಎಂದು ಬಂತು. ಮೂರು ಸಲ ಒತ್ತಿದರು. ಆಮೇಲೆ ತಮ್ಮದನ್ನು ತೆರೆದರು. ಪತ್ರಗಳೆಲ್ಲ ಇದ್ದವು. ಸ್ವಲ್ಪ ಹೊತ್ತು ನೋಡಿ, ದನಿ ತಗ್ಗಿಸಿದರು.

"ಇದು ನಿಮ್ ದೊಡ್ಡಮ್ಮಂಗೂ ಕಾಣಲ್ವಾ?"

"ಇಲ್ಲ."

"ನಿಂಗೆ?"

"ಪಾಸ್‌ವರ್ಡ್ ಹಾಕಿರೋದು ನಾನೇ, ನೋಡ್ಬೇಕು ಅಂದ್ರೆ ನೋಡ್ಬಹುದು. ನೋಡಲ್ಲ."

ಹಾಗಾದರೆ ಪಾಸ್‌ವರ್ಡ್ ಬದಲಾಯಿಸಬೇಕು ಎಂದರು. ಹೇಗೆಂದು ತೋರಿಸಿದೆ. ಅವರು ಒಂದೊಂದೇ ಅಕ್ಷರ ಒತ್ತಿ ಮುಗಿಸುವವರೆಗೆ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದೆ.