ಹಾಲುಕ್ಕಿಸಿದ ವ್ಯಾನು

ದ್ವೀಪ ಎಂದರೇನು ಎಂದು ವರ್ಷಾನುಗಟ್ಟಲೆ ಮಕ್ಕಳಿಗೆ ಹೇಳಿಕೊಟ್ಟವಳು ನಾನು. ಹೊಸೂರಿನ ಕನ್ನಡ ಶಾಲೆಯಲ್ಲಿ ಐದನೆಯ ತರಗತಿ ನನ್ನದು. ನಾಲ್ಕೂ ಕಡೆ ನೀರಿರುವ ಭೂಮಿಯೇ ದ್ವೀಪ ಎಂದು ಕಪ್ಪುಹಲಗೆಯ ಮೇಲೆ ಒಂದು ಸೊಟ್ಟ ಸುತ್ತು ಹಾಕಿ, ಸುತ್ತಲೂ ನೀಲಿ ಸೀಮೆಸುಣ್ಣ ಉಜ್ಜುತ್ತಿದ್ದೆ. ಒಂದು ವರ್ಷ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, ಟೀಚರ್ ನೀವು ನೋಡಿದೀರಾ ಎಂದು ಕೇಳಿದಳು. ಕೂತ್ಕೋ ಎಂದು ಗದರಿಸಿದೆ. ನಾನು ದ್ವೀಪ ಹಾಗಿರಲಿ, ಸಮುದ್ರವನ್ನೇ ಕಂಡವಳಲ್ಲ.

ಆ ಸಂಜೆ ನಮ್ಮ ಮನೆಯವರ ಹತ್ತಿರ ಹೇಳಿಕೊಂಡೆ. ಒಂದು ಸಲ ದ್ವೀಪದ ಮೇಲೆ ಕಾಲಿಡಬೇಕು, ನೀವೂ ನಾನೂ ಇಬ್ಬರೇ. ಇಬ್ಬರೇ ಎನ್ನುವುದೇ ನನಗೆ ಮುಖ್ಯವಾಗಿತ್ತು. ಮದುವೆಯಾಗಿ ಹನ್ನೆರಡು ವರ್ಷವಾಗಿತ್ತು. ಇವರ ತಮ್ಮಂದಿರು ಓದಲು, ಊರಿನವರು ಆಸ್ಪತ್ರೆಗೆ, ಕೋರ್ಟಿಗೆ ಎಂದು ಬಂದು ಇಳಿಯುತ್ತಿದ್ದ ನಮ್ಮ ಮನೆಯಲ್ಲಿ ಯಾವತ್ತೂ ಎಂಟು ತಟ್ಟೆಗೆ ಕಡಿಮೆ ಹಾಕಿದ್ದಿಲ್ಲ. ನಾವಿಬ್ಬರು ಒಟ್ಟಿಗೆ ಕೂತು ಒಂದು ಲೋಟ ಕಾಫಿ ಕುಡಿದದ್ದು ಲೆಕ್ಕಕ್ಕೆ ಸಿಗುವಷ್ಟು ಸಲ.

ಇವರು ಗುಮ್ಮಳಾಪುರದ ರೈತರ ಮನೆಯವರು, ಹೊಸೂರಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಒಂದು ಕೆಲಸ ತಲೆಗೆ ಹತ್ತಿದರೆ ಊಟ ನಿದ್ದೆ ಬಿಡುವ ಜಾತಿ. ಮ್ಯಾನೇಜರರ ಕೋಣೆಯಲ್ಲಿ ಯಾವುದೋ ವಿದೇಶಿ ಪತ್ರಿಕೆ ನೋಡಿದ್ದರಂತೆ. ಅದರಲ್ಲಿ ಗಂಡ ಹೆಂಡತಿ ಮನೆಯನ್ನೇ ವ್ಯಾನಿನಲ್ಲಿ ಮಾಡಿಕೊಂಡು, ಸಮುದ್ರದ ಪಕ್ಕ ನಿಲ್ಲಿಸಿ ಚಹಾ ಕುಡಿಯುತ್ತಿದ್ದರಂತೆ. ಸರಿ, ಶುರುವಾಯಿತು. ರಾಮೇಶ್ವರಕ್ಕೆ ರೈಲಿನಲ್ಲಿ ಹೋಗಿ ಬರೋಣ ಎಂದ ನನ್ನ ಮಾತು ಅಲ್ಲಿಗೆ ಮುಗಿಯಿತು. ಎಲ್ಲಿಂದಲೋ ಒಂದು ಹಳೆಯ ಮೆಟಡಾರ್ ವ್ಯಾನು ತಂದು ಹಿತ್ತಿಲಲ್ಲಿ ನಿಲ್ಲಿಸಿದರು. ಆರು ತಿಂಗಳು ಪ್ರತಿ ಭಾನುವಾರ ಗರಗಸ, ಸುತ್ತಿಗೆ, ಡ್ರಿಲ್ಲು. ಮಡಚುವ ಮಂಚ ಬಂತು, ನೀರಿನ ಡ್ರಮ್ಮು ಬಂತು, ಸೀಮೆಎಣ್ಣೆ ಸ್ಟವ್ ಅಲುಗಾಡದಂತೆ ಕಬ್ಬಿಣದ ಕಟ್ಟು ಬಂತು.

ನಾನು ಹೆಂಗಸರಲ್ಲಿ ಎತ್ತರ. ವ್ಯಾನಿನೊಳಗೆ ಒಂದು ದಿನ ಬಗ್ಗಿ ನಿಂತು, ಹುಟ್ಟಿದಾಗಿನಿಂದ ಬಗ್ಗಿ ಬಗ್ಗಿಯೇ ಅಡುಗೆ ಮಾಡಿದ್ದಾಯಿತು, ಇಲ್ಲೂ ಅದೇ ಗತಿಯಾ ಎಂದು ಗೊಣಗಿದೆ. ಇವರು ನನ್ನನ್ನು ಬಾಗಿಲಿಗೆ ಒರಗಿಸಿ ನಿಲ್ಲಿಸಿ, ತುರುಬಿನ ಮೇಲೆ ನಾಲ್ಕು ಬೆರಳು ಬಿಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದರು. ಮುಂದಿನ ಭಾನುವಾರ ವ್ಯಾನಿನ ಮಾಡು ಕೊಯ್ದು, ಹಲಗೆ, ತಗಡು ಹೊಡೆದು ಒಂದೂವರೆ ಅಡಿ ಏರಿಸಿದರು.

ಗಾಡಿ ದ್ವೀಪಕ್ಕೆ ಹೋಗುತ್ತದೆಯೇ ಎಂದು ನನ್ನನ್ನು ಕೇಳಿದ್ದರು. ಸೇತುವೆ ಇದೆ, ಪುಸ್ತಕದಲ್ಲೇ ಇದೆ ಎಂದು ಟೀಚರಮ್ಮನ ಗತ್ತಿನಲ್ಲೇ ಹೇಳಿದ್ದೆ. ಅದು ರೈಲಿನ ಸೇತುವೆ ಎನ್ನುವುದೂ ಪುಸ್ತಕದಲ್ಲೇ ಇತ್ತು. ನಾನು ಅಷ್ಟು ಯೋಚಿಸಲಿಲ್ಲ.

ಬೇಸಿಗೆ ರಜೆಯಲ್ಲಿ ಹೊರಟೆವು. ಇವರಿಗೆ ಒಂಬತ್ತು ದಿನ ರಜೆ ಸಿಕ್ಕಿತ್ತು. ಮಕ್ಕಳಿಬ್ಬರನ್ನು ಬಿಡಲು ಗುಮ್ಮಳಾಪುರಕ್ಕೆ ಹೋದಾಗ ನಮ್ಮತ್ತೆ ವ್ಯಾನಿನೊಳಗೆ ಹತ್ತಿ, ಮಂಚ ತಟ್ಟಿ, ಒಲೆ ನೋಡಿ, ಇದು ಗಾಡಿಯಲ್ಲ ಮನೆ ಎಂದು ತೀರ್ಮಾನ ಕೊಟ್ಟರು. ಹಾಲುಕ್ಕಿಸದೆ ಅದರಲ್ಲಿ ಅನ್ನ ಬೇಯಿಸಕೂಡದು. ಅಲ್ಲೇ ಹುಣಸೆಮರದ ಕೆಳಗೆ ವ್ಯಾನನ್ನು ಪೂರ್ವಕ್ಕೆ ತಿರುಗಿಸಿ ನಿಲ್ಲಿಸಿದ್ದಾಯಿತು, ಹೊಸ್ತಿಲೆಂದು ಫುಟ್‌ಬೋರ್ಡಿಗೆ ಅರಿಶಿನ ಕುಂಕುಮ ಹಚ್ಚಿದ್ದಾಯಿತು, ಸ್ಟವ್ ಮೇಲೆ ಹಾಲು ಉಕ್ಕಿದ್ದೂ ಆಯಿತು. ಅರ್ಧ ಊರು ನೋಡಲು ಸೇರಿತ್ತು. ಕೊನೆಯಲ್ಲಿ ಅತ್ತೆ ಮಗನಿಗೆ ಹೇಳಿದರು:

"ಹಾಲುಕ್ಸಿದ್ ಮನೆ ಕಣ್ಲಾ. ಒಂಬತ್ ದಿನ ಬೀಗ ಹಾಕ್ಬ್ಯಾಡ, ಸಂಜೆ ದೀಪ ತಪ್ಪಿಸ್ಬ್ಯಾಡ. ಮನೆಯೋರು ಒಬ್ರಾದ್ರೂ ಒಳಗಿರ್ಬೇಕು."

ಇವರು ತಲೆಯಾಡಿಸಿದರು. ನಾನು ನಕ್ಕೆ. ಆ ನಗು ನಾಲ್ಕು ದಿನವೂ ಬಾಳಲಿಲ್ಲ.

ಕೃಷ್ಣಗಿರಿ ದಾಟುವವರೆಗೆ ಮಾವಿನ ಲಾರಿಗಳ ಹಿಂದೆ ತೆವಳಿದೆವು. ಸೇಲಂ ಹತ್ತಿರ ರೇಡಿಯೇಟರ್ ಕುದಿಯಿತು. ಮಧುರೈ ದಾಟಿದ ಮೇಲೆ ಏರಿಸಿದ ಮಾಡಿಗೆ ಗಾಳಿ ಬಡಿದು ವ್ಯಾನು ಓಲಾಡತೊಡಗಿತು. ಎರಡು ದಿನದ ದಾರಿಗೆ ಮೂರು ದಿನ ಹಿಡಿಯಿತು. ಹೋದಲ್ಲೆಲ್ಲ ಜನ ಇದೇನು ಐಸ್‌ಕ್ರೀಂ ಗಾಡಿಯೇ ಎಂದು ಕೇಳಿದರು. ಆದರೂ ಮೂರನೆಯ ಸಂಜೆ ಮಂಡಪಂನಲ್ಲಿ ಎರಡೂ ಕಡೆ ನೀರು ಕಂಡಾಗ ನಾನು ಸೀಟಿನಿಂದ ಅರ್ಧ ಎದ್ದುಬಿಟ್ಟೆ. ಎದುರಿಗೆ, ನೀರಿನಾಚೆ, ತೆಂಗಿನ ಮರಗಳ ಒಂದು ಗೆರೆ ಕಾಣುತ್ತಿತ್ತು. ಅದೇ ನನ್ನ ದ್ವೀಪ.

ರಸ್ತೆ ಅಲ್ಲಿಗೆ ಮುಗಿದಿತ್ತು. ರಸ್ತೆಯ ಸೇತುವೆಯನ್ನು ಆಗಿನ್ನೂ ಕಟ್ಟುತ್ತಿದ್ದರು. ನೀರಿನಲ್ಲಿ ಕಂಬಗಳು ನಿಂತಿದ್ದವು, ಅವುಗಳ ಮೇಲೆ ದಾರಿಯಿರಲಿಲ್ಲ. ಇವರು ನನ್ನ ಕಡೆ ನೋಡಿದರು. ನಾನು ಸಮುದ್ರದ ಕಡೆ ನೋಡಿದೆ.

ವಾಹನಗಳನ್ನು ರೈಲಿನ ತೆರೆದ ವ್ಯಾಗನ್ನಿನ ಮೇಲೆ ಏರಿಸಿ ಆಚೆ ದಾಟಿಸುತ್ತಾರೆ ಎಂದು ಚಹಾ ಅಂಗಡಿಯವನು ಹೇಳಿದ. ಬೆಳಿಗ್ಗೆ ಸ್ಟೇಷನ್ನಿಗೆ ಹೋದೆವು. ಅಲ್ಲಿನ ನೌಕರರು ಮರ್ಯಾದೆಯಿಂದಲೇ ಟೇಪು ಹಿಡಿದು ಅಳೆದರು. ವ್ಯಾನು ಉದ್ದದಲ್ಲಿ ಸರಿ, ಅಗಲದಲ್ಲಿ ಸರಿ. ಎತ್ತರ ಮಾತ್ರ ವ್ಯಾಗನ್ನಿನ ಮೇಲೆ ಮಿತಿ ದಾಟುತ್ತಿತ್ತು. ಮುಡಿಯಾದು ಸಾರ್, ಆಗುವುದಿಲ್ಲ ಎಂದುಬಿಟ್ಟರು. ಹೆಚ್ಚಾಗಿದ್ದದ್ದು ನನ್ನ ತುರುಬು ಮತ್ತು ಅದರ ಮೇಲಿನ ನಾಲ್ಕು ಬೆರಳು.

ಇಲ್ಲಿಂದ ಮುಂದಿನ ಎರಡು ದಿನ ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಇವರು ನಾಲ್ಕೂ ಟೈರಿನ ಗಾಳಿ ಇಳಿಸಿ ಮತ್ತೆ ಅಳೆಸಿದರು. ಡ್ರಮ್ಮಿಗೆ ಬಾಯಿವರೆಗೆ ನೀರು ತುಂಬಿ, ಆ ಭಾರಕ್ಕೆ ಗಾಡಿ ತಗ್ಗೀತೇನೋ ಎಂದು ನೋಡಿದರು. ಪ್ರತಿ ಸಲವೂ ಅದೇ ನೌಕರರು, ಅದೇ ಟೇಪು, ಅದೇ ಉತ್ತರ. ಪ್ಯಾಸೆಂಜರ್ ರೈಲು ನಮ್ಮ ಕಣ್ಣೆದುರೇ ದಿನಕ್ಕೆ ಎಷ್ಟೋ ಸಲ ದ್ವೀಪಕ್ಕೆ ಹೋಗಿ ಬರುತ್ತಿತ್ತು. ವ್ಯಾನನ್ನು ಚಹಾ ಅಂಗಡಿಯ ಪಕ್ಕ ಬಿಟ್ಟು ಇಬ್ಬರೂ ರೈಲು ಹತ್ತೋಣ, ಸಂಜೆಯೊಳಗೆ ವಾಪಸು ಬರೋಣ ಎಂದೆ. ಬೀಗ ಹಾಕಬಾರದು ಎಂದರು. ಬೀಗ ಹಾಕದೆಯೇ ಹೋಗೋಣ ಎಂದೆ. ಮನೆಯವರೊಬ್ಬರು ಒಳಗಿರಬೇಕು, ಅವ್ವನಿಗೆ ಮಾತು ಕೊಟ್ಟಿದ್ದೀನಿ ಎಂದರು. ಊರಿನಲ್ಲಿ ವರ್ಷಕ್ಕೊಂದು ಸಲವೂ ದೇವಸ್ಥಾನದ ಮೆಟ್ಟಿಲು ಹತ್ತದ ಮನುಷ್ಯ ಇವರು. ಅವ್ವನ ಮಾತು ಬರೀ ನೆಪ, ಆರು ತಿಂಗಳು ದುಡಿದು ಕಟ್ಟಿದ ಆ ತಗಡಿನ ಡಬ್ಬವನ್ನು ಬಿಟ್ಟು ಬರಲು ಇವರಿಗೆ ಮನಸ್ಸಿಲ್ಲ ಎಂದೇ ನಾನು ತಿಳಿದೆ.

ಆರನೆಯ ದಿನ ಬೆಳಿಗ್ಗೆ, ಆ ಎತ್ತರದ ಮಾಡಿನ ಕೆಳಗೆ ನೆಟ್ಟಗೆ ನಿಂತು ಉಪ್ಪಿಟ್ಟು ಕೆದಕುತ್ತಿದ್ದವಳು ಸೌಟು ಬಿಸಾಡಿದೆ.

"ನೀವು ನಿಮ್ಮ ಮನೆ ಕಾಯ್ಕೊಂಡಿರಿ. ನಾನೊಬ್ಬಳೇ ಹೋಗ್ತೀನಿ."

ಇವರು ತಡೆಯಲಿಲ್ಲ. ಅದಕ್ಕೂ ಸಿಟ್ಟು ಬಂತು.

ರೈಲು ಸೇತುವೆಯ ಮೇಲೆ ನಿಧಾನವಾಗಿ ಹೋಯಿತು. ಕಿಟಕಿಯ ಕೆಳಗೆ ಬರೀ ನೀರು. ಇಷ್ಟು ದಿನದ ಆಸೆ ಕೈಗೆ ಬರುತ್ತಿತ್ತು, ನನಗೆ ಮಾತ್ರ ಪಕ್ಕದ ಸೀಟಿನಲ್ಲಿ ಯಾರೋ ಇಟ್ಟಿದ್ದ ಒಣಮೀನಿನ ಬುಟ್ಟಿಯ ಮೇಲೆ ಜಗಳ ಕಾಯುವಷ್ಟು ಕೋಪ. ದ್ವೀಪದ ಮೊದಲ ಸ್ಟೇಷನ್ ಪಾಂಬನ್‌ನಲ್ಲಿ ಇಳಿದು, ಬೆಸ್ತರ ಗುಡಿಸಲುಗಳ ನಡುವೆ ನಡೆದು, ಸೀರೆ ಎತ್ತಿಕೊಂಡು ನೀರಿಗೆ ಇಳಿದೆ. ನೀರು ಬೆಚ್ಚಗಿತ್ತು. ಮರಳು ಕಾಲಡಿಯಿಂದ ಜಾರುತ್ತಿತ್ತು. ದ್ವೀಪದೊಳಗೆ ನಿಂತವರಿಗೆ ನಾಲ್ಕೂ ಕಡೆ ನೀರು ಕಾಣುವುದಿಲ್ಲ. ಒಂದು ಕಡೆ ನೀರು, ಉಳಿದದ್ದೆಲ್ಲ ನಮ್ಮೂರಿನಂತೆ ನೆಲವೇ. ಇದನ್ನು ತಕ್ಷಣ ಇವರಿಗೆ ಹೇಳಬೇಕು ಎಂದು ಪಕ್ಕಕ್ಕೆ ತಿರುಗಿದೆ. ಪಕ್ಕದಲ್ಲಿ ಯಾರೂ ಇರಲಿಲ್ಲ.

ದಡದಲ್ಲಿ ಬಲೆ ಹೊಲಿಯುತ್ತಿದ್ದ ಹೆಂಗಸೊಬ್ಬಳು ತಲೆಯೆತ್ತಿ, ತನಿಯಾವಾ ವಂದೀಂಗ ಎಂದು ಕೇಳಿದಳು. ಒಬ್ಬರೇ ಬಂದಿರಾ ಎಂದು. ಹೌದೆಂದು ತಲೆಯಾಡಿಸಿ ಸ್ಟೇಷನ್ನಿನ ಕಡೆ ನಡೆದೆ. ದಾರಿಯಲ್ಲಿ ಅತ್ತುಬಿಟ್ಟೆ.

ಮಧ್ಯಾಹ್ನ ಮಂಡಪಂನಲ್ಲಿ ಇಳಿದಾಗ ದೂರದಿಂದ ವ್ಯಾನಿನ ಗುರುತೇ ಸಿಗಲಿಲ್ಲ. ಹತ್ತಿರ ಹೋದರೆ, ಮಾಡು ಇರಲಿಲ್ಲ. ಹಲಗೆಗಳನ್ನು ಒಂದು ಕಡೆ, ತಗಡನ್ನು ಒಂದು ಕಡೆ ಜೋಡಿಸಿಟ್ಟಿದ್ದರು. ಮೇಲೆ ಟಾರ್ಪಾಲು ಬಿಗಿದಿತ್ತು. ಇವರ ಎಡಗೈಗೆ ನನ್ನ ಹಳೆಯ ರವಿಕೆಯ ಬಟ್ಟೆ ಸುತ್ತಿತ್ತು, ಅದರಲ್ಲಿ ರಕ್ತದ ಕಲೆ. ಆರು ತಿಂಗಳ ಕೆಲಸವನ್ನು ನಾನಿಲ್ಲದ ಅರ್ಧ ದಿನದಲ್ಲಿ ಬಿಚ್ಚಿಹಾಕಿದ್ದರು. ಮುಖದಲ್ಲಿ ಮಾತ್ರ ಏನೋ ಗೆದ್ದವರ ಕಳೆ.

"ಈಗ ಅಳ್ತೆ ಸರಿ ಹೋಯ್ತು ಕಣೆ. ನಾಳೆ ಬೆಳಿಗ್ಗೆ ವ್ಯಾಗನ್ ಐತಂತೆ. ರಜ ಎರಡ್ ದಿನ ಹೆಚ್ಚಾದ್ರೆ ಆಗ್ಲಿ, ಇಬ್ರೂ ಹೋಗಾನ."

ಒಂದು ದಿನವೂ ಹೇಳದೆ ಕೇಳದೆ ಕೆಲಸ ತಪ್ಪಿಸಿದವರಲ್ಲ ಇವರು. ಅದು ನನಗೆ ಗೊತ್ತಿತ್ತು. ಕೈಯ ಗಾಯವೂ ಕಾಣುತ್ತಿತ್ತು. ಆದರೂ ಬೆಳಗಿನ ಸಿಟ್ಟು ಇನ್ನೂ ಇಳಿದಿರಲಿಲ್ಲ.

"ನಾನು ನೋಡಾಯ್ತಲ್ಲ," ಎಂದೆ. "ಊರಿಗೆ ಹೋಗೋಣ."

 ಇವರು ಸರಿ ಬಿಡು ಎಂದು, ಹಲಗೆಗಳನ್ನು ಹಗ್ಗದಿಂದ ಕಟ್ಟತೊಡಗಿದರು. ಆ ಹೊತ್ತಿನಲ್ಲಿ ಬೇಡ, ದ್ವೀಪಕ್ಕೇ ಹೋಗೋಣ, ಸುಮ್ಮನೆ ಹಾಗಂದೆ ಎಂದು ಹೇಳಲು ನನಗೆ ಬೇಕಾದಷ್ಟು ಸಮಯವಿತ್ತು. ಹೇಳಲಿಲ್ಲ. ಮುಂದೆ ರಸ್ತೆಯ ಸೇತುವೆ ಮುಗಿದು ಬಸ್ಸು, ಲಾರಿ ಎಲ್ಲ ದಾಟಿದವು. ಅಷ್ಟರಲ್ಲಿ ನಾವು ವ್ಯಾನನ್ನು ಮಾರಿದ್ದೆವು.

ವಾಪಸು ದಾರಿಯಲ್ಲಿ ಮೂರು ದಿನವೂ ಟಾರ್ಪಾಲಿನ ಕೆಳಗೆ ಬಗ್ಗಿ ಬಗ್ಗಿಯೇ ಅಡುಗೆ ಮಾಡಿದೆ. ಸಂಜೆ ದೀಪವನ್ನು ಇವರೇ ಹಚ್ಚುತ್ತಿದ್ದರು. ಕರೂರಿನ ಆಸುಪಾಸಿನಲ್ಲಿ, ಸ್ಟಿಯರಿಂಗಿನಿಂದ ಕಣ್ಣು ತೆಗೆಯದೆ, ಅಲ್ಲಿ ಹೆಂಗಿತ್ತು ಎಂದು ಕೇಳಿದರು. ಹೇಳಿದೆ. ಬೆಚ್ಚಗಿನ ನೀರು, ಜಾರುವ ಮರಳು, ಒಂದೇ ಕಡೆ ಕಾಣುವ ಸಮುದ್ರ. ಬಲೆ ಹೊಲಿಯುವವಳು ಕೇಳಿದ್ದನ್ನೂ ಬಿಡದೆ ಹೇಳಿದೆ. ಇವರಿಗೆ ಚುಚ್ಚಲಿ ಎಂದೇ ಹೇಳಿದೆ. ಇವರು ಹೂಂ ಎಂದು ಗೇರು ಬದಲಿಸಿದರು.

ಗುಮ್ಮಳಾಪುರದಲ್ಲಿ ಮಕ್ಕಳು ಓಡಿ ಬಂದರು. ಅಕ್ಕಪಕ್ಕದವರೂ ಬಂದು ಜಗುಲಿಯ ಮೇಲೆ ಕೂತರು. ಅತ್ತೆ ಮೊದಲು ವ್ಯಾನಿನ ತಲೆ ನೋಡಿದರು. ಗಾಳಿ ಜೋರಿತ್ತು, ಬಿಚ್ಚಿದೆ ಎಂದರು ಇವರು. ಆಮೇಲೆ ಅತ್ತೆ, ಇಬ್ಬರೂ ನೋಡಿದಿರಾ ಎಂದು ಕೇಳಿದರು. ನಾನು ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಈಗ ಎಲ್ಲ ಬಯಲಾಗುತ್ತದೆ ಎಂದುಕೊಂಡೆ.

ಇವರು ಜಗುಲಿಯ ಅಂಚಿಗೆ ಕೂತು, ಗಾಯದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು, ನೀರು ಬೆಚ್ಚಗಿತ್ತು ಎಂದರು. ಕಾಲಡಿ ಮರಳು ಜಾರುತ್ತದೆ ಎಂದರು. ಒಳಗೆ ನಿಂತರೆ ನಾಲ್ಕೂ ಕಡೆ ನೀರು ಕಾಣುವುದಿಲ್ಲ, ಅದನ್ನು ಮೊದಲು ಕಂಡುಹಿಡಿದವಳು ಇವಳೇ ಎಂದು ನನ್ನ ಕಡೆ ಕೈ ತೋರಿಸಿದರು. ನಾನು ಹೇಳಿದ್ದರಲ್ಲಿ ಒಂದನ್ನೂ ಮರೆತಿರಲಿಲ್ಲ.

"ದಡದಾಗೆ ಒಬ್ಳು ಬಲೆ ಹೊಲೀತಿದ್ಲು ಕಣವ್ವ," ಎಂದರು ಕೊನೆಗೆ. "ನಮ್ಮುನ್ನ ನೋಡಿ, ಇಬ್ರೂ ಜೊತೇಲಿ ಬಂದ್ರಾ ಅಂತ ಕೇಳುದ್ಲು."