ಗೊಂಬೆಹಬ್ಬಕ್ಕೆ ಬಂದ ಜೋಡಿ ದೋಣಿ

ನನಗೆ ಹಠ ಜಾಸ್ತಿ ಎಂದು ನಮ್ಮ ಅತ್ತೆ ಮದುವೆಯಾದ ಮೊದಲ ವಾರದಲ್ಲೇ ಕಂಡುಹಿಡಿದಿದ್ದರು. ಅಮೆರಿಕದ ಸೆಂಟರ್‌ವಿಲ್‌ನ ಟೌನ್‌ಹೌಸಿನಲ್ಲಿ, ಮೈಸೂರಿನ ನಮ್ಮಮ್ಮನ ಮನೆಯಲ್ಲಿ ಕೂರಿಸುತ್ತಿದ್ದಷ್ಟೇ ಮೆಟ್ಟಿಲು ಕಟ್ಟಿ ದಸರಾ ಗೊಂಬೆ ಕೂರಿಸುವುದೂ ಆ ಹಠದ ಲೆಕ್ಕಕ್ಕೇ ಸೇರುತ್ತದೆ. ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಅನ್ನುತ್ತಾರಲ್ಲ, ಹಾಗೆ ಅಂದವರು ಆಫೀಸಿನ ಕಾಲ್‌ಗಳ ಮಧ್ಯೆ ಗೊಂಬೆ ಕೂರಿಸಿ ನೋಡಿರಲಿಲ್ಲ ಅಷ್ಟೆ.

ಕೋವಿಡ್ ಬಂದ ವರ್ಷ ಗೊಂಬೆಗಳನ್ನು ಫೋನಿನಲ್ಲೇ ಎಲ್ಲರಿಗೂ ತೋರಿಸಿದ್ದಾಗಿತ್ತು. ಅದೇ ವರ್ಷ ಮಾರಿಸ್‌ವಿಲ್‌ನಲ್ಲಿರುವ ನನ್ನ ನಾದಿನಿ ಮೆಟ್ಟಿಲಿನ ಕೆಳಗೆ ಒಂದು ಏರ್‌ಪೋರ್ಟನ್ನೇ ಮಾಡಿಬಿಟ್ಟಿದ್ದಳು. ದೀಪ ಹತ್ತುವ ರನ್‌ವೇ, ಪುಟ್ಟ ವಿಮಾನಗಳು, ಸೂಟ್‌ಕೇಸ್ ಹಿಡಿದು ನಿಂತ ಚನ್ನಪಟ್ಟಣದ ಗೊಂಬೆಗಳು. ವಾಟ್ಸಾಪಿನ ತುಂಬಾ ಅದೇ ಫೋಟೋ. ನನಗೆ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ? ಮುಂದಿನ ವರ್ಷ ಲಸಿಕೆ ಆಗಿ ಜನ ಮನೆಗೆ ಬರುವ ಹಾಗಾದಾಗ, ಈ ಸಲ ನಾನು ಸಮುದ್ರವನ್ನೇ ತರುತ್ತೇನೆ ಎಂದು ತೀರ್ಮಾನಿಸಿದೆ. ಮೇಲೆ ಸಮುದ್ರಮಥನ, ಕೆಳಗೆ ನೆಲದ ಮೇಲೆ ನೀಲಿ ಸ್ಯಾಟಿನ್ ಬಟ್ಟೆ, ಮೀನು, ಶಂಖ, ಒಂದು ದೊಡ್ಡ ಆಮೆ.

ಬಟ್ಟೆ ಹಾಸಿ ಕೂತಿದ್ದಾಗ ಪಕ್ಕದ ಮನೆಯ ತಾತ ತಮ್ಮ ಹಿತ್ತಲಿನ ಟೊಮೆಟೊ ಕೊಡಲು ಬಂದರು. ಹೈಸ್ಕೂಲಿನಲ್ಲಿ ಮಕ್ಕಳಿಗೆ ಮರಗೆಲಸ ಕಲಿಸಿ ರಿಟೈರ್ ಆದ ಒಂಟಿ ಮನುಷ್ಯ. ಹುಟ್ಟಿದ್ದು ಅಮೆರಿಕದಲ್ಲೇ ಆದರೂ ಅವರದು ಬಾಸ್ಕ್ ಮನೆತನ. ಸ್ಪೇನ್ ದೇಶದ ಉತ್ತರ ಕರಾವಳಿಯ ಜನ, ಅವರದೇ ಬೇರೆ ಭಾಷೆ. ನೀಲಿ ಬಟ್ಟೆಯನ್ನು ನೋಡಿ ಏನಿದು ಎಂದು ಕೇಳಿದರು. ಸಮುದ್ರ ಅಂದೆ. ಟೊಮೆಟೊ ಕೆಳಗಿಟ್ಟು ಹೊರಟುಹೋದವರು ಸ್ವಲ್ಪ ಹೊತ್ತಿಗೆ ಮೊಳದುದ್ದದ ಒಂದು ಮರದ ದೋಣಿ ಹಿಡಿದು ವಾಪಸು ಬಂದರು. ಹಸಿರು ಬಣ್ಣ, ಕಪ್ಪು ಚಿಮಣಿ, ಹಿಂದುಗಡೆ ಹಗ್ಗ ಸುತ್ತುವ ರಾಟೆ. ಮುಂದುಗಡೆ ನೋಡಿದರೆ ಕಡ್ಡಿಪೆಟ್ಟಿಗೆಯ ಕಡ್ಡಿಯಷ್ಟು ದಪ್ಪದ ಬಂದೂಕು!

"ಮೀನು ಹಿಡಿಯೋ ದೋಣಿಗೆ ಬಂದೂಕು ಯಾಕೆ?" ಎಂದೆ.

ಅವರು ಸೋಫಾದಲ್ಲಿ ಕೂತು ಹೇಳಿದರು. ಅವರ ಅಪ್ಪ ಪ್ರಾಯದವರಾಗಿದ್ದಾಗ ಸ್ಪೇನಿನಲ್ಲಿ ಅಂತರ್ಯುದ್ಧ ಆಯಿತಂತೆ. ಬಾಸ್ಕ್ ಜನರಿಗೆ ಆಗತಾನೇ ಸ್ವಂತದ್ದೊಂದು ಸಣ್ಣ ಸರ್ಕಾರ ಸಿಕ್ಕಿತ್ತು, ಯುದ್ಧನೌಕೆ ಮಾತ್ರ ಇರಲಿಲ್ಲ. ಸರಿ, ದೂರದ ಸಮುದ್ರಕ್ಕೆ ಹೋಗುವ ದೊಡ್ಡ ಮೀನು ಹಡಗುಗಳಿಗೆ ಹಳೆಯ ಫಿರಂಗಿ ಕೂರಿಸಿ ಇದೇ ನಮ್ಮ ನೌಕಾಪಡೆ ಅಂದರು. ಸಣ್ಣ ದೋಣಿಗಳಿಗೆ ಬೇರೆ ಕೆಲಸ. ಬಂದರಿನ ಬಾಯಲ್ಲಿ ಶತ್ರುಗಳು ನೀರಿನೊಳಗೆ ಬಾಂಬುಗಳನ್ನು ಕಟ್ಟಿಬಿಟ್ಟು ಹೋಗುತ್ತಿದ್ದರು, ಅವನ್ನು ತೆಗೆಯುವುದು. ಸೈನಿಕರು ಯಾರು? ನಿನ್ನೆಯವರೆಗೆ ಮೀನು ಹಿಡಿಯುತ್ತಿದ್ದ ಅವರೇ.

"ನಮ್ಮೂರಲ್ಲಿ ಆಟೋಗೆ ಬೋರ್ಡ್ ಹಾಕಿ ಸ್ಕೂಲ್ ಬಸ್ ಅಂತಾರಲ್ಲ, ಹಾಗೆ," ಎಂದರು ನನ್ನ ಗಂಡ, ಲ್ಯಾಪ್‌ಟಾಪಿನಿಂದ ತಲೆ ಎತ್ತದೆ.

ತೆಗೆಯುವುದು ಹೇಗೆ ಎಂದು ಕೇಳಿದೆ. ಆ ಕಡೆಯವರು ಮೀನು ಹಿಡಿಯುವಾಗಲೇ ಎರಡು ದೋಣಿ ಜೋಡಿಯಾಗಿ ಹೋಗಿ, ನಡುವೆ ಒಂದೇ ಬಲೆ ಎಳೆಯುತ್ತಿದ್ದರಂತೆ. ಯುದ್ಧ ಬಂದಾಗ ಬಲೆಯ ಬದಲು ಉಕ್ಕಿನ ತಂತಿ. ತಂತಿಗೆ ಸಿಕ್ಕಿ ಬಾಂಬಿನ ಕಟ್ಟು ಹರಿದು, ಅದು ತೇಲಿ ಮೇಲೆ ಬಂದರೆ ದೂರದಿಂದ ಗುಂಡು ಹೊಡೆದು ಸಿಡಿಸುವುದು. "ಕೆಲಸ ಅದೇ, ಮೀನು ಮಾತ್ರ ಬೇರೆ ಅಂತ ಅಪ್ಪ ನಗುತ್ತಿದ್ದರು," ಎಂದರು ತಾತ. ಆಮೇಲೆ, "ಇದು ಅಪ್ಪನ ದೋಣಿ. ಅವರೇ ಕೆತ್ತಿದ್ದು. ನಿಮ್ಮ ಸಮುದ್ರದಲ್ಲಿ ಇಟ್ಟುಕೊಳ್ಳಿ," ಎಂದರು.

"ಹಾಗಾದ್ರೆ ಇದರ ಜೋಡಿ ಎಲ್ಲಿ?"

ತಾತ ಟೊಮೆಟೊ ನೋಡುತ್ತಾ ಕೂತರು. ನನಗೆ ಊರ ಉಸಾಬರಿ ಎಂದರೆ ಮೊದಲಿನಿಂದಲೂ ಪ್ರೀತಿ. ಕಾಫಿ ಕೊಟ್ಟು ಸುಮ್ಮನೆ ಎದುರಿಗೆ ಕೂತೆ. ಕಾಫಿ ಮುಗಿಯುವಷ್ಟರಲ್ಲಿ ಕತೆ ಹೊರಗೆ ಬಂತು.

ಜೋಡಿ ದೋಣಿಯಲ್ಲಿ ಇದ್ದದ್ದು ಅವರ ಚಿಕ್ಕಪ್ಪ. ಒಂದು ದಿನ ಬಾಂಬು ಸಿಡಿದು ಆ ದೋಣಿ ಹೋಯಿತು, ಚಿಕ್ಕಪ್ಪನೂ ಹೋದ. ಅಪ್ಪ ಬದುಕುಳಿದು, ಫ್ರಾನ್ಸಿಗೆ ಓಡಿ, ಅಲ್ಲಿಂದ ಅಮೆರಿಕಕ್ಕೆ ಬಂದು, ಅಡುಗೆಮನೆಯ ಮೇಜಿನ ಮೇಲೆ ಎರಡೂ ದೋಣಿ ಕೆತ್ತಿದರು. ನಡುವೆ ಒಂದು ದಾರ ಕಟ್ಟಿ, ಬದುಕಿದ್ದಷ್ಟು ಕಾಲ ಒಂದೇ ಕಪಾಟಿನಲ್ಲಿ ಇಟ್ಟುಕೊಂಡಿದ್ದರು. ಅಪ್ಪ ಸತ್ತ ದಿನ ತಾತ ಆ ದಾರ ಬಿಚ್ಚಿ, ಅಪ್ಪನ ದೋಣಿಯನ್ನು ಕೋಟಿನಲ್ಲಿ ಸುತ್ತಿಕೊಂಡು ಕಾರು ಹತ್ತಿದರು. ಚಿಕ್ಕಪ್ಪನ ದೋಣಿಯ ಜೊತೆ ಉಳಿದ ತಂಗಿ ಫೋನಿನಲ್ಲಿ ಒಂದೇ ಮಾತು ಹೇಳಿದಳಂತೆ. "ಅಪ್ಪನ ದೋಣಿ ಚಿಕ್ಕಪ್ಪನನ್ನು ಎರಡನೇ ಸಲ ಬಿಟ್ಟುಹೋಯಿತು." ಅಂದಿನಿಂದ ಅಣ್ಣತಂಗಿಗೆ ಮಾತಿಲ್ಲ. ಅವಳಿರುವುದು ನಾರ್ತ್ ಕ್ಯಾರೋಲಿನಾದಲ್ಲಿ, ನನ್ನ ನಾದಿನಿಯ ಊರಿನ ಪಕ್ಕದಲ್ಲೇ.

"ಎರಡನ್ನೂ ಒಟ್ಟಿಗೆ ಒಂದು ಸಲ ನೋಡಬೇಕು ಅಂತ ಆಸೆ," ಎಂದರು ತಾತ. "ಆದರೆ ಅವಳು ಕೊಡಲ್ಲ, ನಾನು ಕೇಳಲ್ಲ."

ಗಂಡಹೆಂಡಿರ ಜಗಳ ಉಂಡು ಮಲಗುವ ತನಕ. ಅಣ್ಣತಂಗಿ ಜಗಳಕ್ಕೆ ಅಂಥ ಗಡುವೇ ಇಲ್ಲ, ನೋಡಿ.

"ತಾತ, ನಮ್ಮ ಗೊಂಬೆಹಬ್ಬದಲ್ಲಿ ಒಂಟಿ ದೋಣಿ ಇಡೋ ಹಾಗಿಲ್ಲ," ಎಂದುಬಿಟ್ಟೆ. "ಮೇಲೆ ನೋಡಿ, ಪಟ್ಟದ ಗೊಂಬೆ. ರಾಜ, ರಾಣಿ. ನನ್ನ ಮದುವೆಗೆ ಕೊಟ್ಟಿದ್ದು. ರಾಣಿ ಇಲ್ಲದೆ ರಾಜನ್ನ ಕೂರಿಸ್ತೀವಾ? ಹಾಗೇನೇ ಇದೂ. ಶಾಸ್ತ್ರ."

ಅವರು ಹೋದ ಮೇಲೆ ನನ್ನ ಮಗಳು ಸೊಂಟದ ಮೇಲೆ ಕೈ ಇಟ್ಟು ನಿಂತಳು. "ಅಮ್ಮಾ, ದಟ್ಸ್ ನಾಟ್ ಎ ರೂಲ್. ಯು ಜಸ್ಟ್ ಮೇಡ್ ಇಟ್ ಅಪ್!"

"ಎಲ್ಲಾ ರೂಲೂ ಯಾರೋ ಒಬ್ರು ಮೇಡ್ ಅಪ್ ಮಾಡಿದ್ದೇ ಕಣೇ. ಹೋಗು, ಚಕ್ಕುಲಿ ಡಬ್ಬ ತಗೊಂಬಾ."

ಅರಿಶಿನ ಕುಂಕುಮಕ್ಕೆ ಕರೆಯಬೇಕಾದರೆ ಖುದ್ದಾಗಿ ಹೋಗಬೇಕು, ಮೆಸೇಜ್ ಹಾಕಿದರೆ ಅದು ಕರೆದ ಹಾಗಲ್ಲ. ಇದು ಮಾತ್ರ ನಾನು ಕಟ್ಟಿದ ರೂಲಲ್ಲ, ನಮ್ಮಮ್ಮನದು. ನಾದಿನಿಯನ್ನು ಕರೆಯುವ ನೆಪ ಇದ್ದೇ ಇತ್ತು, ತಾತನ ತಂಗಿಯ ವಿಳಾಸ ಇಂಟರ್ನೆಟ್ಟಿನಲ್ಲಿ ಸಿಕ್ಕಿತು. ವೀಕೆಂಡಿಗೆ ಗಂಡನನ್ನು ಹೊರಡಿಸಿದೆ. "ನಿಂಗೇನು ತಲೆ ಕೆಟ್ಟಿದ್ಯಾ? ಗುರುತಿಲ್ಲದೋರ ಮನೇಗೆ ಹೇಗೇ ಹೋಗೋದು?" ಎಂದು ರಿಚ್ಮಂಡ್ ದಾಟುವ ತನಕ ಗೊಣಗಿದರು. ಆಮೇಲೆ ಚಕ್ಕುಲಿ ಡಬ್ಬಕ್ಕೆ ಕೈಹಾಕಿ ಸುಮ್ಮನಾದರು.

ಬಾಗಿಲು ತೆಗೆದದ್ದು ಎತ್ತರದ, ಗಟ್ಟಿ ಕಣ್ಣಿನ ಹೆಂಗಸು. ಕುಂಕುಮದ ಬಟ್ಟಲು ಹಿಡಿದು ನಿಂತ ನನ್ನನ್ನು ಏನೋ ಮಾರಲು ಬಂದವಳು ಅಂದುಕೊಂಡಿರಬೇಕು. ಎಲ್ಲಾ ಹೇಳಿದೆ.

"ಅವನು ಕಳಿಸಿದನಾ?"

"ಇಲ್ಲ. ಅವರಿಗೆ ಗೊತ್ತೇ ಇಲ್ಲ. ನನ್ನ ಸಮುದ್ರದಲ್ಲಿ ಒಂದು ದೋಣಿ ಕಮ್ಮಿ ಇದೆ, ಅದಕ್ಕೆ ಬಂದೆ."

ಹಣೆಗೆ ಕುಂಕುಮ ಇಡಿಸಿಕೊಂಡರು, ಚಕ್ಕುಲಿ ತೆಗೆದುಕೊಂಡರು. ಬರುತ್ತೇನೆ ಅನ್ನಲಿಲ್ಲ, ಬರುವುದಿಲ್ಲ ಅಂತಲೂ ಅನ್ನಲಿಲ್ಲ. ಬಾಗಿಲು ಹಾಕಿಕೊಂಡರು. ವಾಪಸು ಬರುವಾಗ ನನ್ನ ಮುಖ ನೋಡಿ ಗಂಡ ತಮಾಷೆ ಕೂಡ ಮಾಡಲಿಲ್ಲ.

ದೋಣಿಯನ್ನು ಪಾಪ, ಒಂಟಿಯಾಗಿಯೇ ಇಟ್ಟೆ. ತಾತ ದಿನವೂ ಬಂದು ಉಸಲಿ ತಿಂದು ಅದನ್ನು ನೋಡಿಕೊಂಡು ಹೋಗುತ್ತಿದ್ದರು. ಸರಸ್ವತಿ ಪೂಜೆಯ ದಿನ ಮಗಳು ಕಿಟಕಿಯಿಂದ ಕೂಗಿದಳು. ಹೊರಗೆ ನಾರ್ತ್ ಕ್ಯಾರೋಲಿನಾ ನಂಬರಿನ ಕಾರು. ಮುಂದಿನ ಸೀಟಿನಲ್ಲಿ, ಟವೆಲ್ ಸುತ್ತಿ ಸೀಟ್‌ಬೆಲ್ಟ್ ಹಾಕಿ ಕೂರಿಸಿದ್ದ ನೀಲಿ ದೋಣಿ.

ಆಕೆ ಒಳಗೆ ಬಂದು ದೋಣಿಯನ್ನು ನನ್ನ ಕೈಗೆ ಕೊಟ್ಟರು. ಸೋಫಾದಲ್ಲಿ ಉಸಲಿಯ ಬಟ್ಟಲು ಹಿಡಿದಿದ್ದ ಅಣ್ಣನ ಕಡೆ ತಿರುಗಿಯೂ ನೋಡಲಿಲ್ಲ. ಅಣ್ಣ ಅಗಿಯುವುದನ್ನು ನಿಲ್ಲಿಸಿಬಿಟ್ಟರು. ನಾನು ಸಂಭ್ರಮದಲ್ಲಿ ಎರಡು ದೋಣಿಗಳನ್ನೂ ಪಟ್ಟದ ಗೊಂಬೆಗಳಂತೆ ಮೈಗೆ ಮೈ ತಾಗಿಸಿ ನಿಲ್ಲಿಸಿ, ಕುಂಕುಮ ಇಟ್ಟು, ಒಂದೇ ಗೆಜ್ಜೆವಸ್ತ್ರದ ಹತ್ತಿಯ ಹಾರ ಎರಡಕ್ಕೂ ಸುತ್ತಿ, ಆರತಿ ತಟ್ಟೆ ಎತ್ತಿದೆ.

"ಅಯ್ಯೋ, ಏನು ಮಾಡ್ತಿದ್ದೀರಿ!" ಎಂದು ತಂಗಿ ನುಗ್ಗಿ ಬಂದರು. "ಇಷ್ಟು ಹತ್ತಿರ ಬಂದರೆ ತಂತಿ ಜೋತುಬೀಳುತ್ತೆ. ಒಂದಕ್ಕೊಂದು ಗುದ್ದಿಕೊಳ್ಳುತ್ತೆ!" ಹಾರ ಬಿಚ್ಚಿ, ತಮ್ಮ ದೋಣಿಯನ್ನು ಒಂದು ಗೇಣು ಸರಿಸಿದರು.

ಸೋಫಾದಿಂದ ದನಿ ಬಂತು. "ಇನ್ನೂ ದೂರ."

ತಂಗಿಯ ಕೈ ನಿಂತಿತು.

"ಅದಕ್ಕಿಂತ ದೂರ ಹೋದರೆ ತಂತಿ ಹರಿಯುತ್ತೆ," ಎಂದರು ಆಕೆ, ತಿರುಗದೆ.

"ಅಪ್ಪ ಎರಡು ಗೇಣು ಬಿಡುತ್ತಿದ್ದರು."

"ಯಾರ ಗೇಣು? ಅವರದಾ, ನಿನ್ನದಾ?"

ಅಷ್ಟೇ. ಬಟ್ಟಲು ಕೆಳಗಿಟ್ಟು ತಾತ ನೆಲಕ್ಕೆ ಮಂಡಿಯೂರಿದರು. ಇಂಗ್ಲಿಷ್ ಬಿಟ್ಟು ಇಬ್ಬರೂ ತಮ್ಮ ಭಾಷೆಗಿಳಿದರು. ನನ್ನ ಆಮೆ ಒಂದು ಮೂಲೆಗೆ ಹೋಯಿತು, ಶಂಖಗಳು ಸೋಫಾದ ಕೆಳಗೆ. "ಅಮ್ಮಾ, ಆರ್ ದೇ ಫೈಟಿಂಗ್?" ಎಂದಳು ಮಗಳು. "ಹೂಂ ಕಣೇ. ಚೆನ್ನಾಗಿ ಆಡ್ತಿದ್ದಾರೆ. ಸುಮ್ನಿರು," ಎಂದೆ. ನನ್ನ ಕೈಯಲ್ಲಿ ಕರ್ಪೂರ ಉರಿದು ಆರಿತು.

ಕೊನೆಗೆ ಎರಡು ದೋಣಿಗಳ ನಡುವೆ ಆ ಹತ್ತಿಯ ಹಾರವೇ ತಂತಿಯಾಗಿ ಹರಡಿಕೊಂಡಿತು. ತಾತ ಬಾಗಿನದ ತಟ್ಟೆ ಹುಡುಕಿ ಕರಿ ಎಳ್ಳಿನ ಉಂಡೆಯೊಂದನ್ನು ತೆಗೆದು ತಂತಿಯ ಮುಂದೆ ಇಟ್ಟರು. ಬಾಂಬು! ಇಬ್ಬರೂ ಒಂದೊಂದು ದೋಣಿ ಹಿಡಿದು ನಿಧಾನವಾಗಿ ಮುಂದಕ್ಕೆ ತಳ್ಳಿದರು. ಹಾರ ತಗುಲಿ ಉಂಡೆ ಪಕ್ಕಕ್ಕೆ ಉರುಳಿತು. ತಂಗಿ ಅದನ್ನೆತ್ತಿ ಎರಡು ತುಂಡು ಮಾಡಿ, ಒಂದನ್ನು ಅಣ್ಣನ ಕೈಗಿಟ್ಟು, ಇನ್ನೊಂದನ್ನು ತಾವು ತಿಂದರು. ತಿನ್ನುತ್ತಾ ಇಬ್ಬರೂ ಅತ್ತರು. ನಾನೂ ಅತ್ತೆ. ಸಮುದ್ರ ಹಾಳಾಯಿತು ಎಂದು ಅಳುತ್ತಿದ್ದೇನೆ ಎಂದುಕೊಂಡು ಮಗಳು ನನಗೆ ಟಿಶ್ಯೂ ತಂದುಕೊಟ್ಟಳು.

ಆಕೆ ಹೋಟೆಲು ಕ್ಯಾನ್ಸಲ್ ಮಾಡಿ ಅಣ್ಣನ ಮನೆಯಲ್ಲಿ ಉಳಿದರು. ವಿಜಯದಶಮಿಯ ಸಂಜೆ ನಾನು ರಾಜರಾಣಿಯರನ್ನು ಮಲಗಿಸಿ ಹಬ್ಬ ಮುಗಿಸುವುದನ್ನು ನೋಡಿ, ಅವರೂ ದೋಣಿಗಳನ್ನು ಮಗ್ಗುಲಾಗಿ ಮಲಗಿಸಿದರು. ನೀರು ಇಳಿದಾಗ ಅವರ ಬಂದರಿನಲ್ಲಿ ದೋಣಿಗಳು ಹೀಗೇ ಮಲಗುತ್ತವೆ ಎಂದು ಅಪ್ಪ ಹೇಳುತ್ತಿದ್ದರಂತೆ. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಹಾಕಿದ್ದಾಯಿತು. ಈಗ ಪೆಟ್ಟಿಗೆ ಯಾರ ಮನೆಗೆ? ಅಣ್ಣ ತಂಗಿಯನ್ನು ನೋಡಿದರು, ತಂಗಿ ಅಣ್ಣನನ್ನು. ಇಬ್ಬರೂ ನನ್ನನ್ನು ನೋಡಿದರು.

"ಒಂದು ಸಲ ಕೂತ ಗೊಂಬೆ ಕೂತ ಮನೆಯಲ್ಲೇ ಇರಬೇಕು," ಎಂದೆ. "ಪ್ರತಿ ವರ್ಷ ಮನೆಯವರೇ ಬಂದು ಕೂರಿಸಬೇಕು. ಇಬ್ಬರೂ. ಶಾಸ್ತ್ರ."

ನನ್ನ ಗಂಡ ಮಗಳ ಬಾಯಿಯನ್ನು ಕೈಯಿಂದ ಮುಚ್ಚಿದರು.

ಆಮೇಲಿನ ಯಾವ ದಸರೆಯೂ ತಪ್ಪಿಲ್ಲ. ನಾದಿನಿ ಈಚೆಗೆ ಒಂದು ಮೆಟ್ರೋ ರೈಲು ಮಾಡಿದ್ದಾಳೆ, ಮಾಡಿಕೊಳ್ಳಲಿ. ಮಹಾಲಯ ಅಮಾವಾಸ್ಯೆ ಹತ್ತಿರ ಬಂದರೆ ಕ್ಯಾರೋಲಿನಾದಿಂದ ಫೋನು ಬರುತ್ತದೆ. "ಪೆಟ್ಟಿಗೆ ಕೆಳಗಿಳಿಸಿದಿರಾ?" ಎಂದು ತಂಗಿ ಕೇಳುತ್ತಾರೆ. ಆ ಹೊತ್ತಿಗೆ ನಮ್ಮ ಪಕ್ಕದ ಮನೆಯ ಬಾಗಿಲಿಗೆ ಬೇಸಿಗೆಯಿಂದಲೇ ಬೀಗ ಬಿದ್ದಿರುತ್ತದೆ. ಆಕೆಯ ಹಿಂದೆ, ಆಕೆಯ ಅಡುಗೆಮನೆಯಿಂದ, ತಾತನ ದನಿ ಕೂಗುತ್ತಿರುತ್ತದೆ: "ಎರಡು ಗೇಣು ಬಿಡಬೇಕು ಅಂತ ಹೇಳು!"